ಬೆಳಗಾವಿಯ ಸವಿತಾ, ಐರ್ಲೆಂಡಿನ ಒಂದು ವಾಕ್ಯ

ಭಾಗ 1

ಮೇಲಿನ ಫೋಟೋದಲ್ಲಿ ಕಾಣ್ತಿರೋ ಗೋಡೆ ಐರ್ಲೆಂಡಿನ ರಾಜಧಾನಿ ಡಬ್ಲಿನ್‌ನದ್ದು, 2018ರ ಮೇ ತಿಂಗಳು. ಗೋಡೆ ಮೇಲೆ ಬಿಡಿಸಿರೋ ನಗುಮುಖ ನಮ್ಮ ಬೆಳಗಾವಿಯ ಹೆಣ್ಣುಮಗಳದ್ದು. ಹೆಸರು ಸವಿತಾ ಹಾಲಪ್ಪನವರ. ಸುತ್ತ ಅಂಟಿಸಿರೋ ಬಣ್ಣಬಣ್ಣದ ಚೀಟಿಗಳನ್ನ ಝೂಮ್ ಮಾಡಿ ನೋಡಿ. ಅವಳನ್ನ ಒಂದು ಸಲಾನೂ ಭೇಟಿಯಾಗದ ಜನ ಬಂದು ಬರೆದು ಅಂಟಿಸಿ ಹೋಗಿದ್ದು. ಎಷ್ಟೋ ಚೀಟಿಗಳಲ್ಲಿ ಇರೋದು ಒಂದೇ ಮಾತು, ಕ್ಷಮಿಸು ಅಂತ.

ಹೆಸರು ಕೇಳಿರಬಹುದು ನೀವು. 2012ರಲ್ಲಿ ನಮ್ಮ ಪೇಪರ್‌ಗಳಲ್ಲಿ ದಿನಾ ಬರ್ತಿತ್ತಂತೆ. ನಾನಾಗ ಪ್ರೈಮರಿ ಸ್ಕೂಲ್, ನೆನಪಿಲ್ಲ. ಕಳೆದ ವರ್ಷ ಬಿಸಿನೆಸ್ ಲಾ ಕ್ಲಾಸ್‌ನಲ್ಲಿ ಮೇಷ್ಟ್ರು "ಕಾನೂನಿನಲ್ಲಿ ಒಂದು ಪದ ಆಚೀಚೆ ಆದ್ರೆ ಏನಾಗುತ್ತೆ" ಅನ್ನೋಕೆ ಉದಾಹರಣೆಯಾಗಿ ಇವಳ ಹೆಸರು ಹೇಳಿ ಮುಂದಕ್ಕೆ ಹೋಗಿಬಿಟ್ರು. ನನಗೆ ಮುಂದಕ್ಕೆ ಹೋಗೋಕಾಗ್ಲಿಲ್ಲ.

ಗರ್ಭಪಾತ ಸರಿಯೋ ತಪ್ಪೋ ಅಂತ ನಿಮ್ಮನ್ನ ಒಪ್ಪಿಸೋಕೆ ಇದನ್ನ ಬರೀತಿಲ್ಲ. ಒಂದು ದೇಶ ಆ ಪ್ರಶ್ನೆಗೆ ಉತ್ತರವನ್ನ ಸಂವಿಧಾನದಲ್ಲೇ ಬರೆದಿಟ್ಟಿತು. ಆಮೇಲೆ ಆ ಉತ್ತರ ಆಸ್ಪತ್ರೆಯ ಒಂದು ಹಾಸಿಗೆ ಹತ್ರ ಬಂದಾಗ ಹೇಗೆ ಓದಿಸಿಕೊಳ್ತು ಅನ್ನೋದು ಈ ಸರಣಿ. ಉದ್ದ ಇದೆ, ಸೇವ್ ಮಾಡ್ಕೊಂಡು ಓದಿ.

ಭಾಗ 2

ಶುರು ಮಾಡ್ಬೇಕಾಗಿರೋದು ಬ್ರಿಟಿಷರಿಂದ. 1860ರಲ್ಲಿ ನಮಗೆ ಭಾರತೀಯ ದಂಡಸಂಹಿತೆ ಬಂತು, ಅದರ 312ನೇ ಸೆಕ್ಷನ್ ಗರ್ಭಪಾತ ಮಾಡಿಸೋದನ್ನ ಅಪರಾಧ ಅಂತು. ಮರುವರ್ಷ, 1861ರಲ್ಲಿ, ಆಗ ಬ್ರಿಟನ್ ಜೊತೆಗೇ ಇದ್ದ ಐರ್ಲೆಂಡಿಗೂ ಅಂಥದ್ದೇ ಕಾನೂನು. ಇನ್ನೂ ಬಿಗಿ: ಜೀವಾವಧಿ ಶಿಕ್ಷೆಯವರೆಗೂ ಹೋಗುತ್ತಿತ್ತು. ನಮ್ಮ 312ರಲ್ಲಿ ತಾಯಿಯ ಜೀವ ಉಳಿಸೋಕೆ ಸದುದ್ದೇಶದಿಂದ ಮಾಡಿದ್ರೆ ಅಪರಾಧ ಅಲ್ಲ ಅನ್ನೋ ಮಾತಾದ್ರೂ ಇತ್ತು, ಅಲ್ಲಿನ ಕಾನೂನಿನಲ್ಲಿ ಅದನ್ನೂ ಬಿಡಿಸಿ ಬರೆದಿರಲಿಲ್ಲ.

ಬ್ರಿಟನ್ 1967ರಲ್ಲಿ ತನ್ನ ಕಾನೂನು ಸಡಿಲಿಸಿತು. ಐರ್ಲೆಂಡ್ ಅಷ್ಟೊತ್ತಿಗೆ ಸ್ವತಂತ್ರ ದೇಶ, ಬಹುಪಾಲು ಕ್ಯಾಥೊಲಿಕ್. ಶಾಲೆ, ಆಸ್ಪತ್ರೆ, ಅನಾಥಾಲಯ, ಎಷ್ಟೋ ಚರ್ಚಿನ ಕೈಯಲ್ಲೇ ಇದ್ದವು. ಗರ್ಭಪಾತ ಕಾನೂನುಬಾಹಿರ ಅಂತ ಆಗಲೇ ಇದ್ದಮೇಲೆ ಮತ್ತೆ ಸಂವಿಧಾನಕ್ಕೆ ಸೇರಿಸೋ ಅಗತ್ಯ ಏನಿತ್ತು ಅಂತ ಕೇಳ್ತೀರಾ?

ಹೆದರಿಕೆ. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ರೋ ವರ್ಸಸ್ ವೇಡ್ ಕೇಸಿನಲ್ಲಿ ಗರ್ಭಪಾತವನ್ನ ಖಾಸಗಿತನದ ಹಕ್ಕು ಅಂತು. ಅದೇ ವರ್ಷ ಐರ್ಲೆಂಡಿನ ಸುಪ್ರೀಂ ಕೋರ್ಟ್ ಒಬ್ಬ ಗೃಹಿಣಿಗೆ ಗರ್ಭನಿರೋಧಕ ತರಿಸಿಕೊಳ್ಳೋಕೆ ಬಿಟ್ಟಿತು, ಕಾರಣ ಅದೇ, ದಂಪತಿಯ ಖಾಸಗಿತನ. ಇವತ್ತು ಇದು, ನಾಳೆ ಅದು ಅಂತ ಕೆಲವರಿಗೆ ಅನ್ನಿಸ್ತು. 1981ರಲ್ಲಿ ಒಂದು ಚಳವಳಿ ಹುಟ್ಟಿತು. ಜಡ್ಜುಗಳ ಕೈಗೆ ಸಿಗದ ಹಾಗೆ ಸಂವಿಧಾನದಲ್ಲೇ ಬೀಗ ಹಾಕಿ ಅನ್ನೋದು ಬೇಡಿಕೆ. ಎರಡೂ ದೊಡ್ಡ ಪಕ್ಷಗಳು ಚುನಾವಣೆ ಹತ್ರ ಇದ್ದಾಗ ಹೂಂ ಅಂದವು. (ಈ ಭಾಗ ಓದುವಾಗ ನಗು ಬಂತು, ಎಲ್ಲಾ ಊರಲ್ಲೂ ಹೀಗೇನಾ!)

ಅಲ್ಲಿ ಸಂವಿಧಾನ ತಿದ್ದೋದು ನಮ್ಮ ಹಾಗೆ ಸಂಸತ್ತಿನ ಕೆಲಸ ಅಷ್ಟೇ ಅಲ್ಲ. ಪ್ರತಿ ತಿದ್ದುಪಡಿಗೂ ಜನರ ಮುಂದೆ ಹೋಗ್ಬೇಕು. 1983ರ ಸೆಪ್ಟೆಂಬರ್ 7ರಂದು ಹೋದ್ರು. ನೂರಕ್ಕೆ 66.9 ಜನ ಹೌದು ಅಂದ್ರು. ಹುಟ್ಟದ ಮಗುವಿಗೆ ಬದುಕೋ ಹಕ್ಕಿದೆ, ತಾಯಿಯ ಸಮಾನವಾದ ಹಕ್ಕನ್ನ ಗಮನದಲ್ಲಿಟ್ಟುಕೊಂಡು ಸರ್ಕಾರ ಅದನ್ನ ಸಾಧ್ಯವಾದಷ್ಟು ಕಾಪಾಡುತ್ತೆ ಅನ್ನೋದು ಎಂಟನೇ ತಿದ್ದುಪಡಿಯ ಸಾರ.

ಎಷ್ಟು ಚೆನ್ನಾಗಿದೆ ಕೇಳೋಕೆ, ಅಲ್ವಾ? ನಾನೂ ಹಾಗೇ ಅಂದ್ಕೊಂಡೆ. ಎರಡು ಜೀವ, ಎರಡೂ ಸಮ, ಬ್ಯಾಲೆನ್ಸ್ ಶೀಟ್ ಟ್ಯಾಲಿ. ಆದ್ರೆ ಆ ದೇಶದ ಅಟಾರ್ನಿ ಜನರಲ್ ಪೀಟರ್ ಸದರ್ಲೆಂಡ್ ವೋಟಿಗೆ ಮೊದಲೇ ಎಚ್ಚರಿಸಿದ್ರು: ಈ ವಾಕ್ಯದ ಅರ್ಥ ಸ್ಪಷ್ಟ ಇಲ್ಲ, ಡಾಕ್ಟರುಗಳು ಗೊಂದಲಕ್ಕೆ ಬೀಳ್ತಾರೆ. ಅಲ್ಲಿನ ಪ್ರೊಟೆಸ್ಟಂಟ್ ಚರ್ಚುಗಳಿಗೂ ಈ ಮಾತುಗಳು ಸರಿಬರಲಿಲ್ಲ. ಅಂದ್ರೆ ಇದು ಶುರುವಿಂದಲೂ ಧರ್ಮ ಇರೋರು, ಇಲ್ದೋರ ಜಗಳ ಅಷ್ಟೇ ಆಗಿರಲಿಲ್ಲ.

ಭಾಗ 3

ಸ್ವಲ್ಪ ಧರ್ಮದ ಒಳಗೆ ಹೋಗೋಣ. ಬೋರ್ ಅನ್ನಿಸಿದ್ರೆ ಮುಂದಿನ ಭಾಗಕ್ಕೆ ಹೋಗಿ, ಆದ್ರೆ ಓದಿದ್ರೆ ಮುಂದಿನದು ಬೇರೆ ಥರ ಕಾಣುತ್ತೆ.

ಕ್ಯಾಥೊಲಿಕ್ ಚರ್ಚ್ ಗರ್ಭಪಾತವನ್ನ ಯಾವತ್ತೂ ಪಾಪ ಅಂತಲೇ ಎಣಿಸಿದೆ. ಆದ್ರೆ ಎಂಥಾ ಪಾಪ ಅನ್ನೋದರಲ್ಲಿ ವ್ಯತ್ಯಾಸ ಇತ್ತು. 13ನೇ ಶತಮಾನದ ದೊಡ್ಡ ಪಂಡಿತ ಥಾಮಸ್ ಅಕ್ವಿನಾಸ್, ಅರಿಸ್ಟಾಟಲ್‌ನನ್ನ ಅನುಸರಿಸಿ, ಪಿಂಡಕ್ಕೆ ಮನುಷ್ಯನ ಆತ್ಮ ಮೊದಲ ದಿನವೇ ಬರಲ್ಲ, ಸ್ವಲ್ಪ ಬೆಳೆದಮೇಲೆ ಬರುತ್ತೆ ಅಂದಿದ್ದ. ಹಾಗಾಗಿ ಚರ್ಚಿನ ಶಿಕ್ಷೆಗಳಲ್ಲಿ ಆತ್ಮ ಬಂದ ಮೇಲಿನದು, ಬರೋಕೆ ಮೊದಲಿನದು ಅಂತ ಭೇದ ಬಹಳ ಕಾಲ ಇತ್ತು. 1869ರಲ್ಲಿ ಪೋಪ್ ಒಂಬತ್ತನೇ ಪಯಸ್ ಆ ಭೇದ ತೆಗೆದುಹಾಕಿದ. ಅಲ್ಲಿಂದ ಗರ್ಭ ನಿಂತ ಕ್ಷಣದಿಂದಲೇ ಒಂದೇ ಲೆಕ್ಕ.

ಇನ್ನೊಂದು ವಿಚಾರ ಇದೆ, ಅದರ ಬೇರೂ ಅಕ್ವಿನಾಸ್ ಹತ್ರಾನೇ ಇದೆ. ಒಂದು ಒಳ್ಳೇ ಕೆಲಸ ಮಾಡುವಾಗ ಬೇಡದ ಕೆಟ್ಟ ಪರಿಣಾಮ ಜೊತೆಗೆ ಬಂದ್ರೆ ಅದು ಕ್ಷಮ್ಯ, ಆದ್ರೆ ಕೆಟ್ಟದ್ದನ್ನೇ ದಾರಿ ಮಾಡಿಕೊಂಡು ಒಳ್ಳೇದು ಮಾಡೋ ಹಾಗಿಲ್ಲ. ಬಸುರಿಗೆ ಗರ್ಭಕೋಶದ ಕ್ಯಾನ್ಸರ್ ಇದ್ರೆ ಗರ್ಭಕೋಶ ತೆಗೀಬಹುದು, ಮಗು ಹೋಗುತ್ತೆ ಅಂತ ಗೊತ್ತಿದ್ರೂ. ಉದ್ದೇಶ ಕ್ಯಾನ್ಸರ್ ತೆಗೆಯೋದು. ಆದ್ರೆ ತಾಯಿನ ಉಳಿಸೋಕೆ ಅಂತ ನೇರವಾಗಿ ಮಗುವಿನ ಜೀವ ತೆಗೆಯೋ ಹಾಗಿಲ್ಲ.

ಇದನ್ನ ಹುಚ್ಚು ತರ್ಕ ಅಂತ ತಳ್ಳಿಹಾಕಬೇಡಿ. ನೀವು ಒಳಗಿರೋದನ್ನ ಪೂರ್ತಿ ಮನುಷ್ಯ ಅಂತ ನಿಜವಾಗಿ ನಂಬಿದ್ರೆ ಇನ್ನೇನು ಹೇಳೋಕಾಗುತ್ತೆ? ಮಾತಾಡೋಕೆ ಬರದ, ವೋಟಿಲ್ಲದ ಜೀವದ ಪರ ಯಾರಾದ್ರೂ ನಿಲ್ಲಬೇಕಲ್ಲ ಅನ್ನೋದು ಅವರ ವಾದದ ತಿರುಳು. 1983ರಲ್ಲಿ ಹೌದು ಅಂದವರಲ್ಲಿ ಎಷ್ಟೋ ಜನ ಹೆತ್ತ ತಾಯಂದಿರೇ.

ಮತ್ತೆ ನಮ್ಮ ಕಡೆ? ನಮ್ಮ ಧರ್ಮಶಾಸ್ತ್ರಗಳಲ್ಲೂ ಭ್ರೂಣಹತ್ಯೆ ದೊಡ್ಡ ಪಾಪ. ಹಿಂದೂಗಳಿಗೆ ಇದು ಪ್ರಶ್ನೆಯೇ ಅಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ನನ್ನ ಅಜ್ಜಿ ಸೋಮವಾರ ಉಪವಾಸ ಇರೋಳು, ಬಸಿರು ತೆಗೆಸೋದು ಪಾಪ ಅಂತ ಇವತ್ತಿಗೂ ಅಂತಾಳೆ. ಅಜ್ಜಿ ವಿಷಯ ಮುಂದೆ ಬರುತ್ತೆ.

ಭಾಗ 4

1984ರ ಜನವರಿ 31. ಗ್ರಾನಾರ್ಡ್ ಅನ್ನೋ ಸಣ್ಣ ಊರು. ಆನ್ ಲವೆಟ್ ಅನ್ನೋ 15 ವರ್ಷದ ಹುಡುಗಿ ಮೇರಿ ಮಾತೆಯ ಗವಿಯ ಹತ್ರ ಮಳೆಯಲ್ಲಿ ಒಬ್ಬಳೇ ಹೆತ್ತಳು. ಮಗು ಉಳೀಲಿಲ್ಲ, ಅವಳೂ ಉಳೀಲಿಲ್ಲ. ಇದು ಗರ್ಭಪಾತದ ಕೇಸ್ ಅಲ್ಲ. ಆದ್ರೆ ಆ ಸುದ್ದಿ ಬಂದಮೇಲೆ ರೇಡಿಯೋ ಕಾರ್ಯಕ್ರಮವೊಂದಕ್ಕೆ ದೇಶದ ಹೆಂಗಸರು ತಾವು ಬಚ್ಚಿಟ್ಟಿದ್ದನ್ನ ಪತ್ರಗಳಲ್ಲಿ ಬರೆದು ಕಳಿಸೋಕೆ ಶುರು ಮಾಡಿದ್ರು. ಒಂದೊಂದೇ ಓದಿ ಹೇಳಿದ್ರು.

1992ರಲ್ಲಿ 14 ವರ್ಷದ ಹುಡುಗಿ, ಅತ್ಯಾಚಾರದಿಂದ ಬಸುರಿ. ಅಪ್ಪ ಅಮ್ಮ ಇಂಗ್ಲೆಂಡಿಗೆ ಕರ್ಕೊಂಡು ಹೋದ್ರು. ಅಪರಾಧಿಯ ವಿರುದ್ಧ ಸಾಕ್ಷಿಗೆ ಡಿಎನ್‌ಎ ಉಪಯೋಗ ಆಗುತ್ತಾ ಅಂತ ಪೊಲೀಸರನ್ನ ಕೇಳಿದ್ದೇ ತಪ್ಪಾಯ್ತು, ವಿಷಯ ಕೋರ್ಟಿಗೆ ಹೋಗಿ ಅವಳು ದೇಶ ಬಿಡೋ ಹಾಗಿಲ್ಲ ಅಂತ ಆದೇಶ ಬಂತು. ಹುಡುಗಿ ಸಾಯ್ತೀನಿ ಅಂತಿದ್ಲು. ಸುಪ್ರೀಂ ಕೋರ್ಟ್ ಆ ಆದೇಶ ಎತ್ತಿಹಾಕಿ ಒಂದು ಅಳತೆಗೋಲು ಕೊಟ್ಟಿತು: ತಾಯಿಯ ಜೀವಕ್ಕೆ ನೈಜ ಮತ್ತು ಗಣನೀಯ ಅಪಾಯ ಇದ್ರೆ ಗರ್ಭಪಾತ ಮಾಡಬಹುದು, ಆತ್ಮಹತ್ಯೆಯ ಅಪಾಯವೂ ಅದರಲ್ಲಿ ಸೇರುತ್ತೆ.

ಈ ಅಳತೆಗೋಲನ್ನ ಮರೀಬೇಡಿ. ಜೀವಕ್ಕೆ ಅಪಾಯ. ಆರೋಗ್ಯಕ್ಕೆ ಅಲ್ಲ.

ಅದೇ ವರ್ಷ ನವೆಂಬರ್‌ನಲ್ಲಿ ಜನ ಮತ್ತೆ ವೋಟ್ ಮಾಡಿ, ಗರ್ಭಪಾತಕ್ಕೆ ಹೊರದೇಶಕ್ಕೆ ಹೋಗೋದನ್ನ ತಡೆಯೋ ಹಾಗಿಲ್ಲ ಅಂದ್ರು. ಏನಿದರ ಅರ್ಥ ನೋಡಿ. ಇಲ್ಲಿ ಕೊಲೆಗೆ ಸಮ, ಹಡಗು ಹತ್ತಿದ್ರೆ ಪರವಾಗಿಲ್ಲ. 1980ರಿಂದ 2016ರವರೆಗೆ ಸುಮಾರು 1,70,000 ಹೆಂಗಸರು ಬ್ರಿಟನ್ನಿನ ಕ್ಲಿನಿಕ್‌ಗಳಲ್ಲಿ ಐರ್ಲೆಂಡಿನ ವಿಳಾಸ ಬರೆಸಿದ್ದಾರೆ. ದುಡ್ಡಿದ್ದೋರು, ಪಾಸ್‌ಪೋರ್ಟ್ ಇದ್ದೋರು, ಪ್ರಯಾಣ ಮಾಡೋ ಸ್ಥಿತಿಯಲ್ಲಿ ಇದ್ದೋರು.

ಆದ್ರೆ ಆಳೋರಿಗೆ ಅಳತೆಗೋಲನ್ನ ಬಿಡಿಸಿ ಕಾನೂನು ಬರೆಯೋ ಧೈರ್ಯ ಇಪ್ಪತ್ತು ವರ್ಷ ಬರಲಿಲ್ಲ. 2010ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ ಕೇಳಿತು, ನಿಮ್ಮಲ್ಲಿ ಹಕ್ಕಿದೆ ಅಂತೀರಿ, ಪಡೆಯೋ ದಾರಿ ಎಲ್ಲಿದೆ ಅಂತ.

ಭಾಗ 5

2012ರ ಅಕ್ಟೋಬರ್ 21, ಭಾನುವಾರ. ಗಾಲ್ವೆ ನಗರದ ಯೂನಿವರ್ಸಿಟಿ ಆಸ್ಪತ್ರೆ. ಸವಿತಾಗೆ 31 ವರ್ಷ, ಡೆಂಟಿಸ್ಟ್. ಗಂಡ ಪ್ರವೀಣ್ ಎಂಜಿನಿಯರ್. ಮೊದಲ ಬಸಿರು, 17 ವಾರ. ಬೆನ್ನುನೋವು ಅಂತ ಹೋದವಳನ್ನ ಒಮ್ಮೆ ಮನೆಗೆ ಕಳಿಸಿದ್ರು, ಅದೇ ದಿನ ಮತ್ತೆ ಬಂದ್ಲು. ಗರ್ಭಪಾತ ಆಗ್ತಿದೆ, ತಡೆಯೋಕಾಗಲ್ಲ ಅಂದ್ರು. ಆ ರಾತ್ರಿಯೇ ಗರ್ಭದ ನೀರು ಒಡೆದು ಹೋಯ್ತು.

ಇಲ್ಲಿ ನಮ್ಮ ಭಾಷೆಯದ್ದೇ ಒಂದು ಮಾತು. ಕನ್ನಡದಲ್ಲಿ ತಾನಾಗಿ ಹೋದರೂ ಗರ್ಭಪಾತ, ತೆಗೆಸಿದರೂ ಗರ್ಭಪಾತ. ಇಂಗ್ಲಿಷಿನಲ್ಲಿ ಬೇರೆ ಬೇರೆ ಪದ. ನಾವು ಕ್ರಿಯಾಪದದಲ್ಲಿ ವ್ಯತ್ಯಾಸ ಮಾಡ್ತೀವಿ: ಗರ್ಭಪಾತ ಆಯ್ತು, ಗರ್ಭಪಾತ ಮಾಡಿಸಿದ್ರು. ಸವಿತಾ ಸಿಕ್ಕಿಹಾಕಿಕೊಂಡಿದ್ದು ಈ ಎರಡು ಕ್ರಿಯಾಪದಗಳ ಮಧ್ಯೆ. ಆಗ್ತಾ ಇತ್ತು, ಮುಗೀತಿರಲಿಲ್ಲ. ಮಗು ಉಳಿಯಲ್ಲ ಅಂತ ಎಲ್ಲರಿಗೂ ಗೊತ್ತಿತ್ತು, ಅವಳಿಗೂ. ಅದನ್ನ ಮುಗಿಸಿಕೊಡಿ ಅಂತ ಕೇಳಿದ್ಲು. ಭ್ರೂಣದ ಹೃದಯ ಇನ್ನೂ ಬಡೀತಿದೆ, ಕಾನೂನು ಬಿಡಲ್ಲ ಅನ್ನೋದು ಉತ್ತರ. ಒಬ್ಬ ದಾದಿ ಇದು ಕ್ಯಾಥೊಲಿಕ್ ವಿಚಾರ ಅನ್ನೋ ಅರ್ಥದ ಮಾತಾಡಿದ್ರು. ಮುಂದೆ ವಿಚಾರಣೆಯಲ್ಲಿ ಅದನ್ನ ಒಪ್ಪಿಕೊಂಡ್ರು, ನೋಯಿಸೋಕೆ ಹೇಳಿದ್ದಲ್ಲ, ಭಾರತದ ಬಗ್ಗೆ ಮಾತು ಬಂದಾಗ ಇಲ್ಲಿನ ರೀತಿ ವಿವರಿಸಿದ್ದು ಅಂದ್ರು. ನಾನು ನಂಬ್ತೀನಿ. ನಾನು ಐರಿಶ್ ಅಲ್ಲ, ಕ್ಯಾಥೊಲಿಕ್ಕೂ ಅಲ್ಲ ಅಂತ ಸವಿತಾ ಅಂದಿದ್ದಳು ಅಂತ ಪ್ರವೀಣ್ ಹೇಳಿದ್ದಾರೆ.

ಬುಧವಾರ ಬೆಳಗಿನ ಹೊತ್ತಿಗೆ ಜ್ವರ, ನಡುಕ. ಸೋಂಕು ರಕ್ತಕ್ಕೆ ಏರಿತ್ತು. ಮಧ್ಯಾಹ್ನ ಇನ್ನು ಮಾಡೋದೇ ಸರಿ ಅಂತ ತೀರ್ಮಾನಿಸೋ ಹೊತ್ತಿಗೆ ಹೃದಯ ಬಡಿತ ತಾನಾಗೇ ನಿಂತಿತ್ತು. ಅಲ್ಲಿಂದ ತೀವ್ರ ನಿಗಾ ಘಟಕ. 28ನೇ ತಾರೀಕು, ಮಧ್ಯರಾತ್ರಿ ಕಳೆದು ಒಂದು ಗಂಟೆ ಸುಮಾರಿಗೆ ಸವಿತಾ ಹೋದಳು. ನವೆಂಬರ್ 14ಕ್ಕೆ ಐರಿಶ್ ಟೈಮ್ಸ್ ಪತ್ರಿಕೆಯ ಮುಖಪುಟದಲ್ಲಿ ಬಂತು, ಆಮೇಲೆ ಬೀದಿಗೆ ಜನ.

ಭಾಗ 6

ಕೋಪದಲ್ಲಿ ಇಲ್ಲಿಗೇ ನಿಲ್ಲಿಸಬೇಡಿ, ನಿಜವಾದ ತೊಡಕು ಈಗ ಬರುತ್ತೆ.

ಎಂಟನೇ ತಿದ್ದುಪಡಿಯ ಪರ ಇದ್ದವರು ಅಂದ್ರು: ಅವಳನ್ನ ಕೊಂದಿದ್ದು ಕಾನೂನಲ್ಲ, ನಿರ್ಲಕ್ಷ್ಯ. ಇದರಲ್ಲಿ ಸತ್ಯ ಇದೆ. ಭಾನುವಾರ ತೆಗೆದ ರಕ್ತದ ವರದಿಯಲ್ಲೇ ಬಿಳಿ ರಕ್ತಕಣ ಹೆಚ್ಚಿತ್ತು, ಯಾರೂ ಹಿಂದೆ ಬೀಳಲಿಲ್ಲ. ನಾಡಿ, ಜ್ವರ, ಬಿಪಿ ನೋಡಬೇಕಾದಷ್ಟು ಸಲ ನೋಡಿರಲಿಲ್ಲ. ಆರೋಗ್ಯ ಸೇವೆಯ ಗುಣಮಟ್ಟ ನೋಡಿಕೊಳ್ಳೋ ಸಂಸ್ಥೆ ತನ್ನ ವರದಿಯಲ್ಲಿ, ಕೈತಪ್ಪಿದ 13 ಅವಕಾಶಗಳನ್ನ ಎಣಿಸಿ ಹೇಳಿತು. ಸಾವಿನ ವಿಚಾರಣೆಯ ಜ್ಯೂರಿ ವೈದ್ಯಕೀಯ ಅವಘಡ ಅಂತ ತೀರ್ಪು ಕೊಟ್ಟಿತು. ಐರ್ಲೆಂಡಿನ ಬಿಷಪ್ಪರೂ ಹೇಳಿಕೆ ಕೊಟ್ರು, ತಾಯಿಗಿಂತ ಮಗುವಿನ ಜೀವ ದೊಡ್ಡದು ಅಂತ ಚರ್ಚ್ ಎಂದೂ ಕಲಿಸಿಲ್ಲ ಅಂತ. ಅದೂ ನಿಜವೇ.

ಆದ್ರೆ ಅದೇ ವಿಚಾರಣೆಯಲ್ಲಿ ಪೀಟರ್ ಬಾಯ್ಲನ್ ಅನ್ನೋ ಹಿರಿಯ ಹೆರಿಗೆ ತಜ್ಞರು ಸಾಕ್ಷಿ ಹೇಳಿದ್ದನ್ನ ನಿಧಾನವಾಗಿ ಓದಿ. ಸೋಮವಾರವೋ ಮಂಗಳವಾರವೋ ಗರ್ಭ ತೆಗೆದಿದ್ರೆ ಸವಿತಾ ಬಹುಶಃ ಬದುಕ್ತಿದ್ಲು. ಆದ್ರೆ ಆ ದಿನಗಳಲ್ಲಿ ಅವಳ ಜೀವಕ್ಕೆ ನೈಜ, ಗಣನೀಯ ಅಪಾಯ ಇರಲಿಲ್ಲ, ಹಾಗಾಗಿ ಕಾನೂನು ಪ್ರಕಾರ ಮಾಡೋ ಹಾಗಿರಲಿಲ್ಲ. ಅಪಾಯ ಬಂದಾಗ, ಬುಧವಾರ, ತಡವಾಗಿತ್ತು.

ನಾನು ಇದನ್ನ ಮೂರು ಸಲ ಓದಿದೆ. ಅವಳನ್ನ ಉಳಿಸಬಹುದಾಗಿದ್ದ ದಿನ ಕಾನೂನು ಬಿಡ್ತಿರಲಿಲ್ಲ, ಕಾನೂನು ಬಿಟ್ಟ ದಿನ ಉಳಿಸೋಕಾಗ್ಲಿಲ್ಲ. ಆಡಿಟಿಂಗ್‌ನಲ್ಲಿ ನಮಗೆ ಗಣನೀಯ ಅಂದ್ರೆ ಎಷ್ಟು ಅಂತ ಒಂದು ಇಡೀ ಪಾಠ ಇದೆ, ಪರೀಕ್ಷೆಯಲ್ಲಿ ಐದು ಮಾರ್ಕ್ಸ್. ಲೆಕ್ಕ ತಪ್ಪಿದ್ರೆ ಮುಂದಿನ ವರ್ಷ ಸರಿಮಾಡಬಹುದು. ಜ್ವರ ಎಷ್ಟು ಡಿಗ್ರಿ ಆದ್ರೆ ಸಾವು ಗಣನೀಯ? ಪಕ್ಕದಲ್ಲಿ ಜೈಲಿನ ಭಯ ಇಟ್ಕೊಂಡು ಡಾಕ್ಟರ್ ಅದನ್ನ ಹೇಳ್ಬೇಕಿತ್ತು. ಸರ್ ಸಬಾರತ್ನಂ ಅರುಳ್‌ಕುಮಾರನ್ ನೇತೃತ್ವದ ತನಿಖೆಯೂ ಕಾನೂನನ್ನ ಅರ್ಥ ಮಾಡಿಕೊಂಡ ರೀತಿ ಈ ಸಾವಿಗೆ ಒಂದು ಕಾರಣ ಅಂತ ಬರೀತು. ಅಂದ್ರೆ ನಿರ್ಲಕ್ಷ್ಯವೋ ಕಾನೂನೋ ಅಂತ ಒಂದನ್ನೇ ಆರಿಸೋ ಪ್ರಶ್ನೆ ಅಲ್ಲ ಇದು. ಹೃದಯ ಬಡಿತ ನಿಲ್ಲೋದನ್ನೇ ಕಾಯ್ತಾ ಕೂತಾಗ ಕಣ್ಣು ತಾಯಿಯಿಂದ ಬೇರೆ ಕಡೆ ಹೋಗಿರುತ್ತೆ.

ಭಾಗ 7

ಈಗ ನಮ್ಮನೆ ಮಾತು. ಅಮ್ಮನ್ನ ಕೇಳಿ, ಒಪ್ಪಿಗೆ ತಗೊಂಡೇ ಬರೀತಿದೀನಿ.

ನಾನು ಎರಡನೇ ಕ್ಲಾಸಲ್ಲಿದ್ದಾಗ ಅಮ್ಮನಿಗೆ ಐದನೇ ತಿಂಗಳಲ್ಲಿ ನೀರು ಹೋಯ್ತು. ಹುಬ್ಬಳ್ಳಿಯ ಒಂದು ಆಸ್ಪತ್ರೆ. ಮಗು ಉಳಿಯೋ ಹಾಗಿಲ್ಲ, ಕಾದ್ರೆ ನಂಜು ಏರುತ್ತೆ ಅಂದ್ರು ಡಾಕ್ಟರ್. ಅಪ್ಪನಿಗೆ ಮಾತೇ ಹೊರಡಲಿಲ್ಲವಂತೆ. ಬಸಿರು ತೆಗೆಸೋದು ಪಾಪ ಅನ್ನೋ ನನ್ನ ಅಜ್ಜಿನೇ ಮುಂದೆ ಬಂದು ಅಂದ್ಲಂತೆ: "ಮದ್ಲ ತಾಯಿ ಉಳೀಲಿ ರೀ ಡಾಕ್ಟರ್, ಪಾಪ-ಪುಣ್ಯ ನಾ ನೋಡ್ಕೋತೀನಿ."

ಆ ಡಾಕ್ಟರ್ ಯಾವ ವಕೀಲರಿಗೂ ಫೋನ್ ಮಾಡ್ಬೇಕಾಗಿರಲಿಲ್ಲ. ಕಾರಣ ನಮ್ಮ 1971ರ ಕಾನೂನು, ಎಂಟಿಪಿ ಆ್ಯಕ್ಟ್, 1972ರ ಏಪ್ರಿಲ್ 1ರಿಂದ ಜಾರಿ. ಶಾಂತಿಲಾಲ್ ಶಾ ಸಮಿತಿ 1966ರಲ್ಲಿ ಕೊಟ್ಟ ವರದಿಯಿಂದ ಹುಟ್ಟಿದ್ದು. ಕದ್ದುಮುಚ್ಚಿ ಗರ್ಭ ತೆಗೆಸಿಕೊಂಡು ಸಾಯ್ತಿದ್ದ ಹೆಂಗಸರ ಚಿಂತೆ ಅದರ ಹಿಂದೆ ಇತ್ತು, ಜನಸಂಖ್ಯೆಯ ಚಿಂತೆಯೂ ಇತ್ತು. ಆ ಕಾನೂನಿನಲ್ಲಿ ತಾಯಿಯ ಜೀವಕ್ಕೆ ಅಪಾಯ ಅಂತ ಮಾತ್ರ ಇಲ್ಲ, ದೈಹಿಕ ಅಥವಾ ಮಾನಸಿಕ ಆರೋಗ್ಯಕ್ಕೆ ತೀವ್ರ ಹಾನಿ ಅಂತಾನೂ ಇದೆ. 17 ವಾರದ ಸವಿತಾ ಬೆಳಗಾವಿಯಲ್ಲೇ ಇದ್ದಿದ್ರೆ, ಇಬ್ಬರು ಡಾಕ್ಟರುಗಳ ಅಭಿಪ್ರಾಯ ಸಾಕಿತ್ತು.

ಹಾಗಂತ ನಮ್ಮದು ಸ್ವರ್ಗ ಅಂತ ಬೀಗೋಕೆ ಹೋಗಬೇಡಿ. ನಮ್ಮಲ್ಲಿ ಅದು ಹೆಣ್ಣಿನ ಹಕ್ಕು ಅಂತ ಬಂದಿದ್ದಲ್ಲ, ಡಾಕ್ಟರ ವಿವೇಚನೆ ಅಂತ ಬಂದಿದ್ದು. ಗರ್ಭನಿರೋಧಕ ವಿಫಲ ಆದ್ರೆ ಅನ್ನೋ ಕಾರಣ 2021ರ ತಿದ್ದುಪಡಿವರೆಗೂ ಮದುವೆಯಾದವರಿಗೆ ಮಾತ್ರ ಇತ್ತು. ಮತ್ತೆ ಅದೇ ಸ್ಕ್ಯಾನಿಂಗ್ ಮೆಷಿನ್ ನಮ್ಮ ಕೈಯಲ್ಲಿ ಏನು ಮಾಡಿದೆ? ಭ್ರೂಣದ ಲಿಂಗ ಪತ್ತೆ ನಿಷೇಧಿಸಿದ ಕಾನೂನು 1994ರದ್ದು. 2023ರಲ್ಲಿ ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಇಟ್ಕೊಂಡು ಹೆಣ್ಣು ಭ್ರೂಣ ಪತ್ತೆ ಮಾಡ್ತಿದ್ದ ಜಾಲ ಸಿಕ್ತು. ಬೆಲ್ಲ ಕಾಯಿಸೋ ಜಾಗದಲ್ಲಿ! ಅಜ್ಜಿಯ ಪಾಪ ಅನ್ನೋ ಮಾತು ನನಗೆ ಅರ್ಥ ಆಗಿದ್ದು ಆ ಸುದ್ದಿ ಓದಿದಾಗ. ಆಯ್ಕೆ ಅನ್ನೋ ಪದದಿಂದ ಎಲ್ಲಾ ಪ್ರಶ್ನೆ ಮುಗಿಯಲ್ಲ.

ಭಾಗ 8, ಕೊನೇದು

2013ರಲ್ಲಿ ಐರ್ಲೆಂಡ್ ಕೊನೆಗೂ ಒಂದು ಕಾನೂನು ಮಾಡಿತು, ತಾಯಿಯ ಜೀವಕ್ಕೆ ಅಪಾಯ ಇದ್ದಾಗ ಏನು ಮಾಡ್ಬೇಕು ಅಂತ. ಅದರಾಚೆ ಮಾಡಿದ್ರೆ 14 ವರ್ಷದವರೆಗೆ ಜೈಲು. 2014ರ ಕ್ರಿಸ್‌ಮಸ್ ಹೊತ್ತಿಗೆ ಇನ್ನೊಂದು: ಮಿದುಳು ಸತ್ತ ಬಸುರಿಯೊಬ್ಬಳನ್ನ ಯಂತ್ರದ ಮೇಲೆ ಇಟ್ಟಿದ್ರು, ಸಂವಿಧಾನ ಏನನ್ನುತ್ತೋ ಅಂತ ಡಾಕ್ಟರುಗಳಿಗೆ ಭಯ. ಅವಳ ಅಪ್ಪ ಹೈಕೋರ್ಟಿಗೆ ಹೋಗಿ ಮಗಳ ಹೆಣ ಬಿಡಿಸಿಕೊಳ್ಳಬೇಕಾಯ್ತು.

ಆಮೇಲೆ ನನಗೆ ಬಹಳ ಹಿಡಿಸಿದ ಕೆಲಸ ಒಂದು ಮಾಡಿದ್ರು. ಚೀಟಿ ಎತ್ತಿದ ಹಾಗೆ 99 ಸಾಮಾನ್ಯ ಜನರನ್ನ ಆರಿಸಿ, ಒಬ್ಬ ಜಡ್ಜ್ ಅಧ್ಯಕ್ಷತೆಯಲ್ಲಿ ಐದು ವಾರಾಂತ್ಯ ಕೂರಿಸಿದ್ರು. ಡಾಕ್ಟರ್, ವಕೀಲರು, ಎರಡೂ ಕಡೆಯ ಸಂಘಟನೆಗಳು, ಅನುಭವಿಸಿದ ಹೆಂಗಸರು, ಎಲ್ಲರ ಮಾತನ್ನೂ ಕೇಳಿಸಿದ್ರು. ಟೀವಿ ಚರ್ಚೆ ಥರ ಅರಚಾಟ ಅಲ್ಲ. ಅವರು ಎಂಟನೇ ತಿದ್ದುಪಡಿ ಹೀಗೇ ಇರಬಾರದು ಅಂದ್ರು.

2018ರ ಮೇ 25ಕ್ಕೆ ವೋಟು. ವಿದೇಶದಲ್ಲಿದ್ದವರಿಗೆ ಅಂಚೆ ಮತ ಇಲ್ಲ, ಹಾಗಾಗಿ ವಿಮಾನ, ಹಡಗು ಹತ್ತಿ ಊರಿಗೆ ಬಂದ್ರು. ಬೆಳಗಾವಿಯಿಂದ ಸವಿತಾಳ ತಂದೆ, ನಮ್ಮ ಮಗಳನ್ನ ನೆನಪಿಟ್ಟು ಹೌದು ಅನ್ನಿ ಅಂತ ಕೇಳಿಕೊಂಡಿದ್ರು. 66.4 ಶೇಕಡಾ ತಿದ್ದುಪಡಿ ತೆಗೀರಿ ಅಂದ್ರು. 1983ರ ಅಂಕಿ ನೆನಪಿದೆಯಾ, 66.9? ಹೆಚ್ಚುಕಮ್ಮಿ ಅದೇ ಅಳತೆ, ತಿರುಗಿಹೋಗಿತ್ತು. ಡೊನೆಗಾಲ್ ಒಂದೇ ಕ್ಷೇತ್ರ ಬೇಡ ಅಂದಿದ್ದು.

ಆ ಜನರೆಲ್ಲ 35 ವರ್ಷದಲ್ಲಿ ನಾಸ್ತಿಕರಾದ್ರಾ? ಇಲ್ಲ, ಆಗಲೂ ಬಹುಪಾಲು ಜನ ಕ್ಯಾಥೊಲಿಕ್ಕೇ. ನನಗೆ ಅನ್ನಿಸೋದು, ತಪ್ಪು ಅಂತ ನಂಬೋದಕ್ಕೂ ಅಪರಾಧ ಅಂತ ಬರೆದಿಡೋದಕ್ಕೂ ನಡುವೆ ಇರೋ ಜಾಗ ಅವರಿಗೆ ಕಾಣಿಸ್ತು. ಅಜ್ಜಿಗೆ ಹುಬ್ಬಳ್ಳಿಯ ಆಸ್ಪತ್ರೆ ಕಾರಿಡಾರ್‌ನಲ್ಲಿ ಕಾಣಿಸಿದ ಹಾಗೆ. ಬೇಡ ಅಂದ 7,23,632 ಜನರೂ ಅಲ್ಲೇ ಇದ್ದಾರೆ, ಅವರ ಪ್ರಶ್ನೆಯೂ ಹಾಗೇ ಇದೆ. 2019ರ ಜನವರಿ 1ರಿಂದ ಜಾರಿಯಾದ ಹೊಸ ಕಾನೂನಿನಲ್ಲಿ 12 ವಾರದವರೆಗೆ ಕಾರಣ ಕೇಳಲ್ಲ, ಆದ್ರೆ ಮೂರು ದಿನ ಕಾಯಬೇಕು. ಮನಸ್ಸೊಪ್ಪದ ಡಾಕ್ಟರ್ ತಾನು ಮಾಡಲ್ಲ ಅನ್ನಬಹುದು.

ಇದನ್ನೆಲ್ಲ ಬರೆಯೋ ಮೊದಲು ಅಜ್ಜಿಗೆ ಸವಿತಾ ಕಥೆ ಹೇಳಿದೆ. ಕಾನೂನು, ವೋಟು ಯಾವುದೂ ಕೇಳಲಿಲ್ಲ ಅವಳು. "ಆಕಿ ಅವ್ವ-ಅಪ್ಪ ಹತ್ರ ಇದ್ದಿಲ್ಲೇನ?" ಅಂದ್ಲು. ಇದ್ರು ಅಜ್ಜಿ, ಮಗಳನ್ನ ನೋಡೋಕೆ ಅಂತಾನೇ ಐರ್ಲೆಂಡಿಗೆ ಹೋಗಿದ್ರು, ಅವಳು ಆಸ್ಪತ್ರೆಯಲ್ಲಿದ್ದ ಆ ದಿನಗಳಲ್ಲೇ ವಾಪಸ್ ವಿಮಾನ ಹತ್ತಿದ್ರು ಅಂದೆ. ಅಜ್ಜಿ ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಮಾತು ಬಂದಿದ್ರೆ ಕಾಮೆಂಟ್‌ನಲ್ಲಿ ಬರೀರಿ, ಹೆಸರು ಬೇಡ ಅಂದ್ರೆ ಮೆಸೇಜ್ ಮಾಡಿ. ಬೈಯೋರು ಎಂಟೂ ಭಾಗ ಓದಿ ಬೈಯಿರಿ. ಮುಂದಿನ ಸರಣಿ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ.